ಮ್ಯಾರಥಾನ್ ಮುಗಿದ ಮೇಲೆ ಬೂಟು ಕಟ್ಟಲು ಮನಸ್ಸಾಗದಿದ್ದರೆ

ಜನವರಿಯ ಮೂರನೇ ಭಾನುವಾರ ಮುಂಬಯಿ ಮ್ಯಾರಥಾನ್ ಮುಗಿದು ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ ಕೊರಳಿಗೆ ಮೆಡಲ್ ಬೀಳುತ್ತದೆ. ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಅದೇ ಓಟಗಾರ ಬೆಳಗಿನ 5 ಗಂಟೆಯ ಅಲಾರಂ ಆರಿಸಿ ಮಗ್ಗುಲು ಬದಲಿಸುತ್ತಾನೆ. 42.195 ಕಿ.ಮೀ. ಓಡಿದ ಕಾಲಿಗೆ 4 ಕಿ.ಮೀ. ಬೇಡವಾಗುತ್ತದೆ. ಪುಣೆಯಲ್ಲಿ ಡಿಸೆಂಬರ್ ಓಟ ಮುಗಿಸಿದವರಿಗೆ ಇದೇ ಸ್ಥಿತಿ ಸಂಕ್ರಾಂತಿ ಹೊತ್ತಿಗೆ ಬರುತ್ತದೆ.

ಇದನ್ನು ಸೋಮಾರಿತನ ಎಂದು ಕರೆದರೆ ಮುಂದಿನ ದಾರಿಯೆಲ್ಲ ತಪ್ಪುತ್ತದೆ. ಸೋಮಾರಿಯಾದವರು ನಾಲ್ಕು ತಿಂಗಳು ನಸುಕಿನಲ್ಲಿ ಎದ್ದು 32 ಕಿ.ಮೀ. ಉದ್ದ ಓಟ ಮಾಡುವುದಿಲ್ಲ. ಇಲ್ಲಿ ಬೇರೆ ಬೇರೆ ಸಂಗತಿಗಳು ಸಿಕ್ಕು ಹಾಕಿಕೊಂಡಿರುತ್ತವೆ: ಇನ್ನೂ ಸುಧಾರಿಸಿಕೊಳ್ಳದ ದೇಹ, ಗುರಿ ಮುಗಿದು ಖಾಲಿಯಾದ ದಿನಚರಿ, ಅದರ ಜೊತೆಗೆ ನಮ್ಮ ಕರಾವಳಿಯ ಸೆಕೆ. ಈ ಮೂರನೆಯದನ್ನು ಗಮನಿಸುವವರು ಕಡಿಮೆ. ನಮ್ಮ ದೊಡ್ಡ ಓಟಗಳೆಲ್ಲ ವರ್ಷದ ಅತಿ ತಂಪಾದ ವಾರಗಳಲ್ಲಿ ನಡೆಯುತ್ತವೆ, ಅಲ್ಲಿಂದ ಮುಂದೆ ಪ್ರತಿ ವಾರವೂ ಓಟ ಕಷ್ಟವಾಗುತ್ತಲೇ ಹೋಗುತ್ತದೆ. ಸಿಕ್ಕು ಬಿಡಿಸಿ ಒಂದೊಂದನ್ನೇ ನೋಡಬೇಕು.

ಮೊದಲ ಎರಡು ವಾರ: ಓಡಬೇಡಿ ಎಂದರೆ ಓಡಬೇಡಿ

ಮ್ಯಾರಥಾನ್‌ನಲ್ಲಿ ಸ್ನಾಯುವಿನ ಎಳೆಗಳು ನಿಜವಾಗಿ ಹರಿಯುತ್ತವೆ. ಮುಂಬಯಿ ಓಟದ ದಾರಿಯಲ್ಲಿ ಬರುವ ಪೆಡ್ಡರ್ ರಸ್ತೆಯ ಏರಿಗಿಂತ ಅದನ್ನು ಇಳಿಯುವಾಗ ತೊಡೆಯ ಮುಂಭಾಗಕ್ಕೆ ಬೀಳುವ ಪೆಟ್ಟು ಹೆಚ್ಚು, ಏಕೆಂದರೆ ಇಳಿಜಾರಿನಲ್ಲಿ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿಯಬೇಕಾಗುತ್ತದೆ. ನೋವು ನಾಲ್ಕೈದು ದಿನಕ್ಕೆ ಹೋಗುತ್ತದೆ. ಗಾಯ ಮಾತ್ರ ಅಷ್ಟು ಬೇಗ ಮಾಯುವುದಿಲ್ಲ. ಸ್ನಾಯುರಜ್ಜುಗಳು ಇನ್ನೂ ನಿಧಾನ. ನೋವು ಹೋಯಿತು ಎಂದು ಮುಂದಿನ ಭಾನುವಾರವೇ 15 ಕಿ.ಮೀ. ಓಡಿದವರಿಗೆ ಹಿಮ್ಮಡಿಯಲ್ಲೋ ಮೊಣಕಾಲಿನ ಹೊರಬದಿಯಲ್ಲೋ ಹೊಸ ನೋವು ಶುರುವಾಗುತ್ತದೆ. ಉತ್ಸಾಹ ಸಾಯುವ ದಾರಿಗಳಲ್ಲಿ ಇದು ಮೊದಲನೆಯದು.

ಮೊದಲ 3 ದಿನ ನಡಿಗೆ ಮಾತ್ರ, ದಿನಕ್ಕೆ 15–20 ನಿಮಿಷ, ಸಪಾಟಾದ ಕಡೆ. ಲೋಕಲ್ ರೈಲು ನಿಲ್ದಾಣದ ಸೇತುವೆ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ. 4ನೇ ದಿನದಿಂದ 7ನೇ ದಿನದವರೆಗೆ ನಡಿಗೆ ಅರ್ಧ ಗಂಟೆ. ಈಜು ಬರುವವರಿಗೆ ಈಜು, ಸೈಕಲ್ ಇದ್ದವರಿಗೆ ಭಾರವಿಲ್ಲದ ಗೇರಿನಲ್ಲಿ ಸೈಕಲ್. ಕಪ್ಪಾದ ಕಾಲುಗುರನ್ನು ಕೀಳಲು ಹೋಗಬೇಡಿ, ಒಳಗಿನಿಂದ ಹೊಸತು ಬೆಳೆದು ತಾನೇ ಬಿಡುತ್ತದೆ. ಓಡಿದ ದಿನ ಮತ್ತು ಮರುದಿನ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆ ನುಂಗಬೇಡಿ. ನೀರು ಕಳೆದುಕೊಂಡ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ.

ಊಟದಲ್ಲಿ ಪ್ರೋಟೀನ್ ಲೆಕ್ಕ ಇಡಿ. ದೇಹದ ತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ ದಿನಕ್ಕೆ 72ರಿಂದ 96 ಗ್ರಾಂ. ಎರಡು ಮೊಟ್ಟೆಯಲ್ಲಿ ಸುಮಾರು 12 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18, 100 ಗ್ರಾಂ ಬಂಗುಡೆಯಲ್ಲಿ ಹೆಚ್ಚುಕಡಿಮೆ ಅಷ್ಟೇ. ಬರೀ ಇಡ್ಲಿ, ಅನ್ನ–ಸಾರಿನಿಂದ ಈ ಲೆಕ್ಕ ತುಂಬುವುದಿಲ್ಲ. ಹೆಸರುಕಾಳಿನ ಉಸಲಿ, ಗಟ್ಟಿ ಬೇಳೆ, ಮೊಸರು ಪ್ರತಿ ಊಟಕ್ಕೂ ಬರಬೇಕು.

ಓಡದಿದ್ದರೆ ಕಟ್ಟಿದ್ದೆಲ್ಲ ಕರಗುತ್ತದೆ ಎಂಬ ಭಯ ಬೇಡ. ವಿಶ್ರಾಂತಿಯಲ್ಲಿ ಮೊದಲು ಇಳಿಯುವುದು ರಕ್ತದ ದ್ರವಾಂಶ, ಓಟ ಶುರು ಮಾಡಿದ ಕೆಲವೇ ದಿನಗಳಲ್ಲಿ ಅದು ಮರಳಿ ಬರುತ್ತದೆ. ತಿಂಗಳುಗಟ್ಟಲೆ ಕಟ್ಟಿದ ತಳಹದಿ ಹತ್ತು ದಿನದಲ್ಲಿ ಕುಸಿಯುವಂಥದ್ದಲ್ಲ.

ಈ ವಾರದಲ್ಲೇ ಮಾಡಿ ಮುಗಿಸಬೇಕಾದ ಒಂದು ಕೆಲಸವಿದೆ. ಒಂದು ಪುಟದಲ್ಲಿ ಓಟದ ಲೆಕ್ಕ ಬರೆಯಿರಿ: ಮೊದಲ 21 ಕಿ.ಮೀ. ಎಷ್ಟು ಹೊತ್ತು, ಉಳಿದ ಅರ್ಧ ಎಷ್ಟು ಹೊತ್ತು, ಏನು ತಿಂದಿರಿ, ಕಾಲು ಎಲ್ಲಿ ಸೋತಿತು. ಎರಡನೇ ಅರ್ಧ ಮೊದಲಿಗಿಂತ 15–20 ನಿಮಿಷ ನಿಧಾನವಾಗಿದ್ದರೆ ಶುರುವಿನಲ್ಲಿ ವೇಗ ಹೆಚ್ಚಾಗಿತ್ತು, ಇಲ್ಲವೇ ಹೊಟ್ಟೆಗೆ ಸಾಲಲಿಲ್ಲ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಜೆಲ್‌ನಲ್ಲಿ, ಅಂದರೆ ಓಡುತ್ತಲೇ ನುಂಗುವ ಸಕ್ಕರೆ ಪಾಕದ ಪುಟ್ಟ ಪೊಟ್ಟಣದಲ್ಲಿ, ಸಾಮಾನ್ಯವಾಗಿ 22–25 ಗ್ರಾಂ ಇರುತ್ತದೆ. ಐದು ಗಂಟೆಯ ಓಟಕ್ಕೆ ಎರಡೇ ಜೆಲ್ ತೆಗೆದುಕೊಂಡವರು 32ನೇ ಕಿ.ಮೀ. ನಂತರ ನಿಂತದ್ದು ಮನೋಬಲದ ಕೊರತೆಯಿಂದಲ್ಲ. ಅಂದುಕೊಂಡ ಸಮಯ ಬರಲಿಲ್ಲವೆಂದು ಕೊರಗುತ್ತಿರುವವರಿಗೆ ಈ ಪುಟ ಬಹಳ ಮುಖ್ಯ. ಕಾರಣ ಕಾಗದದ ಮೇಲೆ ಬಂದರೆ ‘ನನ್ನಿಂದ ಆಗಲಿಲ್ಲ’ ಎಂಬುದು ‘ನಾಲ್ಕು ಜೆಲ್ ಕಡಿಮೆಯಾಯಿತು’ ಎಂದಾಗುತ್ತದೆ. ಬರೆದು ಮಡಚಿಟ್ಟು, ಅದರ ಚರ್ಚೆ ಸಾಕು ಮಾಡಿ.

ದಣಿದದ್ದು ಕಾಲೋ, ಮನಸ್ಸೋ

ಮೂರನೇ ವಾರದಿಂದ ಹತ್ತು ನಿಮಿಷದ ಪರೀಕ್ಷೆ ಮಾಡಿ. ವಾರಕ್ಕೆ ಮೂರು ದಿನ, ಮನಸ್ಸಿದ್ದರೂ ಇಲ್ಲದಿದ್ದರೂ ಬೂಟು ಕಟ್ಟಿ, ಪೂರ್ತಿ ವಾಕ್ಯ ಮಾತಾಡುತ್ತ ಓಡಬಹುದಾದ ನಿಧಾನದಲ್ಲಿ 10 ನಿಮಿಷ ಓಡಿ. ಆಮೇಲೆ ನಿಂತು ಒಂದೇ ಪ್ರಶ್ನೆ: ಶುರುವಿಗಿಂತ ಹಗುರವಾಗಿದೆಯೋ, ಭಾರವಾಗಿದೆಯೋ? ಹಗುರವಾಗಿದ್ದರೆ ಇನ್ನೂ 10–15 ನಿಮಿಷ ಓಡಿ. ಭಾರವಾಗಿದ್ದರೆ ಮನೆಗೆ ನಡೆಯಿರಿ, ತಪ್ಪಿತಸ್ಥ ಭಾವನೆ ಬೇಡ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ‘ಹ’ ಅಥವಾ ‘ಭ’ ಎಂದಷ್ಟೇ ಬರೆಯಿರಿ. ದೂರ ಬೇಡ, ಸಮಯ ಬೇಡ.

ಇದಕ್ಕೆ ಸುತ್ತು ಹಾಕುವ ಜಾಗ ಒಳ್ಳೆಯದು. ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತ ಒಂದು ಸುತ್ತು ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಎಲ್ಲಿ ನಿಂತರೂ ಮನೆ ದೂರವಾಗುವುದಿಲ್ಲ. ಮಾಟುಂಗಾದವರಿಗೆ ಫೈವ್ ಗಾರ್ಡನ್ಸ್ ಇದೆ, ನೆರಳೂ ಇದೆ. ಮರೀನ್ ಡ್ರೈವ್‌ನಂಥ ನೇರ ದಾರಿಯಲ್ಲಿ ಮೂರು ಕಿ.ಮೀ. ಹೋದ ಮೇಲೆ ಕಾಲು ಭಾರವಾದರೆ ಮರಳಿ ಮೂರು ಬರಲೇಬೇಕು, ಆಗ ಪರೀಕ್ಷೆ ಶಿಕ್ಷೆಯಾಗುತ್ತದೆ.

ಜೊತೆಗೆ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ತರಬೇತಿಯ ದಿನಗಳಲ್ಲಿ 58 ಇದ್ದದ್ದು ವಾರವಿಡೀ 66–68 ಬರುತ್ತಿದ್ದರೆ ದೇಹ ಇನ್ನೂ ಸುಧಾರಿಸಿಕೊಂಡಿಲ್ಲ.

ಎರಡು ವಾರದ ಆರು ಚೌಕಗಳಲ್ಲಿ ನಾಲ್ಕು ‘ಹ’ ಬಂದರೆ ಕಾಲು ಸರಿಯಿದೆ, ಹೊರಡುವುದಷ್ಟೇ ಕಷ್ಟ. ಅದರ ಮದ್ದು ಮುಂದೆ ಹೇಳಿದ್ದೇವೆ. ‘ಭ’ಗಳೇ ತುಂಬಿದ್ದರೆ, ನಾಡಿಯೂ ಏರಿದ್ದರೆ, ಇನ್ನೆರಡು ವಾರ ನಡಿಗೆ ಮಾತ್ರ. ಆಮೇಲೂ ಹಾಗೇ ಇದ್ದರೆ ವೈದ್ಯರನ್ನು ಕಂಡು ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ, ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಕಬ್ಬಿಣದ ಕೊರತೆ ಹೊಸದೇನಲ್ಲ, ಉದ್ದದ ತರಬೇತಿ ಕಬ್ಬಿಣವನ್ನು ಇನ್ನಷ್ಟು ಕೆಳಗಿಳಿಸುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ 30ಕ್ಕಿಂತ ಕೆಳಗಿರಬಹುದು, ಆಗ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತಿದೆ ಎಂದರ್ಥ. ಓಟ ಮುಗಿದ ವಾರದಲ್ಲೇ ರಕ್ತ ಕೊಡಬೇಡಿ: ಉರಿಯೂತದಿಂದ ಫೆರಿಟಿನ್ ಸುಳ್ಳೇ ಏರಿರುತ್ತದೆ, ಸ್ನಾಯು ಹರಿದದ್ದರಿಂದ ಸಿಪಿಕೆ, ಎಸ್‌ಜಿಓಟಿ ಎಂಬ ಕಿಣ್ವಗಳ ಅಂಕಿಗಳು ಹೆಚ್ಚಾಗಿ ಯಕೃತ್ತಿನ ತೊಂದರೆಯಂತೆ ಕಾಣಬಹುದು. ಯಾವಾಗ ಹೋದರೂ ಮ್ಯಾರಥಾನ್ ಓಡಿದ ದಿನಾಂಕವನ್ನು ವೈದ್ಯರಿಗೆ ಹೇಳಿ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಫಿಲ್ಟರ್ ಕಾಫಿಗೂ ಅದಕ್ಕೂ ಒಂದು ಗಂಟೆಯಾದರೂ ಅಂತರವಿರಲಿ, ಕಾಫಿ–ಚಹಾ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ.

ತರಬೇತಿಯಲ್ಲಿ ಮುಟ್ಟು ನಿಂತಿದ್ದರೆ ಅದನ್ನು ‘ಓಡಿದರೆ ಹಾಗೆಯೇ’ ಎಂದು ಬಿಡಬೇಡಿ. ಸಾಮಾನ್ಯವಾಗಿ ಓಟಕ್ಕೆ ತಕ್ಕ ಊಟ ಸಿಕ್ಕಿಲ್ಲ ಎಂಬುದರ ಗುರುತು ಅದು, ಮುಂದೆ ಮೂಳೆಗೆ ಪೆಟ್ಟು. ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು.

ಇನ್ನೊಂದು ಗಡಿ ಇದೆ. ಬೇಸರ ಓಟಕ್ಕಷ್ಟೇ ಸೀಮಿತವಾಗಿದ್ದರೆ ಈ ಬರಹ ಸಾಕು. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ, ಕೆಲಸ, ಮನೆಯವರ ಜೊತೆ ಮಾತು ಎಲ್ಲವೂ ಬೇಡವೆನಿಸಿದರೆ ಅದು ಓಟದ ವಿಷಯವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಸೆಕೆಯ ಲೆಕ್ಕ

ಮುಂಬಯಿಯ ಜನವರಿ ಬೆಳಗು 17–18 ಡಿಗ್ರಿ. ಮೇ ತಿಂಗಳ ಬೆಳಗು 27–28, ಜೊತೆಗೆ ಒದ್ದೆ ಬಟ್ಟೆ ಹೊದ್ದಂಥ ಗಾಳಿ. ನಡುವೆ ಮಾರ್ಚಿನಲ್ಲಿ ಪೂರ್ವದ ಒಣಗಾಳಿ ಬೀಸಿ ಕಡಲಗಾಳಿ ತಡವಾದ ದಿನಗಳಲ್ಲಿ ಬಿಸಿಲು ಏಕಾಏಕಿ 38 ದಾಟುವುದುಂಟು. ಬೆವರು ಸುರಿದರೆ ಸಾಲದು, ಆರಬೇಕು. ಆರಿದಾಗಲೇ ಮೈ ತಂಪಾಗುವುದು. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಮೈ ತಣಿಸಲು ರಕ್ತ ಚರ್ಮದ ಕಡೆಗೆ ಹೋಗುತ್ತದೆ, ಸ್ನಾಯುವಿಗೆ ಕಡಿಮೆಯಾಗುತ್ತದೆ, ಹೃದಯ ನಿಮಿಷಕ್ಕೆ 10–15 ಬಾರಿ ಹೆಚ್ಚು ಬಡಿದು ಅದನ್ನು ಸರಿದೂಗಿಸಬೇಕಾಗುತ್ತದೆ. ಜನವರಿಯಲ್ಲಿ ಕಿ.ಮೀ.ಗೆ 6:30 ನಿಮಿಷದಲ್ಲಿ ಹಾಯಾಗಿ ಓಡುತ್ತಿದ್ದವರು ಮಾರ್ಚಿನಲ್ಲಿ ಅದೇ ಶ್ರಮಕ್ಕೆ 7:10 ಓಡಿದರೆ ಅವರು ಹಿಂದೆ ಬಿದ್ದಿಲ್ಲ.

ಗಡಿಯಾರ ಮಾತ್ರ ಇದನ್ನು ಹೇಳುವುದಿಲ್ಲ. ಅದು 7:10 ತೋರಿಸುತ್ತದೆ, ಓಡಿದವರು ‘ಎಲ್ಲ ಹೋಯಿತು’ ಅಂದುಕೊಳ್ಳುತ್ತಾರೆ, ಮರುದಿನ ಏಳುವುದಿಲ್ಲ. ಅದಕ್ಕೇ ಫೆಬ್ರವರಿಯಿಂದ ಜೂನ್‌ವರೆಗೆ ಪೇಸ್, ಅಂದರೆ ಕಿ.ಮೀ.ಗೆ ಹಿಡಿಯುವ ಸಮಯ, ನೋಡುವುದನ್ನು ನಿಲ್ಲಿಸಿ. ಗಡಿಯಾರದ ಪರದೆಯಲ್ಲಿ ಕಳೆದ ಸಮಯವೊಂದೇ ಇರುವಂತೆ ಸೆಟ್ಟಿಂಗ್ ಬದಲಿಸಿ, ಆಗದಿದ್ದರೆ ಮೇಲೊಂದು ಬ್ಯಾಂಡೇಜ್ ಪಟ್ಟಿ ಅಂಟಿಸಿ. ಓಟದ ಲೆಕ್ಕ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪಿನಲ್ಲಿ ಹಾಕಲೇಬೇಕಿದ್ದರೆ ಪೇಸ್ ಮರೆಮಾಡಿ ಹಾಕಿ. ಅಳತೆ ಮಾತಿನದ್ದು: ಪೂರ್ತಿ ವಾಕ್ಯ ಬಂದರೆ ಸುಲಭ ಓಟ, ಮೂರು ನಾಲ್ಕು ಪದ ಬಂದರೆ ಮಧ್ಯಮ, ಒಂದೇ ಪದ ಬಂದರೆ ಜೋರು. ವಾರದ ಓಟದಲ್ಲಿ ಮುಕ್ಕಾಲು ಪಾಲು ಪೂರ್ತಿ ವಾಕ್ಯದ್ದೇ ಇರಲಿ.

ಸೆಕೆಗೆ ಮೈ ಒಗ್ಗಲು 10ರಿಂದ 14 ದಿನ ಹಿಡಿಯುತ್ತದೆ, ಆ ದಿನಗಳಲ್ಲಿ ಸ್ವಲ್ಪಸ್ವಲ್ಪ ಓಡಿದರೆ ಮಾತ್ರ. ಎಸಿ ಜಿಮ್ಮಿನ ಟ್ರೆಡ್‌ಮಿಲ್ಲಿನಲ್ಲೇ ತಿಂಗಳು ಕಳೆದು ಏಪ್ರಿಲ್‌ನಲ್ಲಿ ಒಮ್ಮೆಲೇ ರಸ್ತೆಗಿಳಿದರೆ ಆ ದಿನ ಓಟ ಶಾಶ್ವತವಾಗಿ ಬೇಡವೆನಿಸುತ್ತದೆ.

ನೀರಿನ ಲೆಕ್ಕಕ್ಕೆ ತೂಕದ ಯಂತ್ರ ಸಾಕು. ಒಂದು ಗಂಟೆ ಓಡುವ ಮೊದಲು, ಓಡಿ ಮೈ ಒರೆಸಿಕೊಂಡ ಮೇಲೆ, ಬರೀ ಒಳಉಡುಪಿನಲ್ಲಿ ತೂಗಿ ನೋಡಿ. 1 ಕಿಲೋ ಇಳಿದಿದ್ದರೆ ಸುಮಾರು 1 ಲೀಟರ್ ಬೆವರು ಹೋಗಿದೆ, ನಡುವೆ ಕುಡಿದ ನೀರನ್ನೂ ಅದಕ್ಕೆ ಸೇರಿಸಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆ. ಉಪ್ಪು ಹಾಕಿದ ಮಜ್ಜಿಗೆ ಅಥವಾ ಪುನರ್ಪುಳಿ ಪಾನಕ ಜೊತೆಗಿರಲಿ. ಓಆರ್‌ಎಸ್ ಕುಡಿಯುವುದಾದರೆ 1 ಲೀಟರಿನ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಕಲಸಿ. ಬಾಟಲಿ ಚಿಕ್ಕದೆಂದು ಅರ್ಧ ಲೀಟರಿಗೆ ಸುರಿದರೆ ಹೊಟ್ಟೆ ಕೆಡುತ್ತದೆ.

ಪುಣೆಯವರಿಗೆ ಇಲ್ಲಿ ಅನುಕೂಲವಿದೆ. ಮಾರ್ಚಿನ ಹಗಲು ಸುಟ್ಟರೂ ಬೆಳಗು ಇನ್ನೂ ತಂಪು, ಗಾಳಿ ಒಣ. ವೇತಾಳ ಟೇಕಡಿ ಗುಡ್ಡದ ಮಣ್ಣಿನ ಹಾದಿ ಹತ್ತಿಳಿದು ಬಂದರೆ ಪೇಸಿನ ನೆನಪೇ ಬರುವುದಿಲ್ಲ, ಅಲ್ಲಿ ಯಾರ ವೇಗವೂ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಗೋವೆಯಲ್ಲಿ ಮೀರಾಮಾರ್ ಮರಳಿನಲ್ಲಿ ಓಡುವವರು ನೀರು ಇಳಿದ ಹೊತ್ತು ನೋಡಿಕೊಂಡು ಗಟ್ಟಿ ಮರಳಿನಲ್ಲೇ ಓಡಿ. ದಂಡೆ ಕಡಲ ಕಡೆಗೆ ವಾಲಿರುತ್ತದೆ, ಒಂದೇ ದಿಕ್ಕಿಗೆ ಓಡಿದರೆ ಒಂದು ಸೊಂಟಕ್ಕೆ ಭಾರ ಬೀಳುತ್ತದೆ. ಹೋದಷ್ಟೇ ದೂರ ಮರಳಿ ಬನ್ನಿ.

ಹೊರಡುವ ಕಷ್ಟಕ್ಕೆ ಮದ್ದು

ತರಬೇತಿಯಲ್ಲಿ ಓಟವನ್ನು ಎಳೆದದ್ದು ದಿನಾಂಕ. ಅದು ಹೋದ ಜಾಗದಲ್ಲಿ ಮತ್ತೊಂದು ದಿನಾಂಕ ತಂದಿಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನಮ್ಮ ಸಲಹೆ ಅದಕ್ಕೆ ವಿರುದ್ಧ: ಮೊದಲ ನಾಲ್ಕು ವಾರ ಯಾವ ಓಟಕ್ಕೂ ಹೆಸರು ಕೊಡಬೇಡಿ. ಖಾಲಿತನ ತುಂಬಲೆಂದು ಕಟ್ಟಿದ ಫೀಸು ತಿಂಗಳಲ್ಲೇ ಹೊರೆಯಾಗುತ್ತದೆ.

ದಿನಾಂಕದ ಬದಲು ಒಬ್ಬ ಮನುಷ್ಯ ಇರಲಿ. ಇಪ್ಪತ್ತು ಜನರ ವಾಟ್ಸಾಪ್ ಗುಂಪಿನಲ್ಲಿ ‘ನಾಳೆ ಬರ್ತೀನಿ’ ಎಂದು ಹಾಕಿ ಮಲಗಿದರೆ ಕೇಳುವವರಿಲ್ಲ. ಮಂಗಳವಾರ 6 ಗಂಟೆಗೆ ಕಿಂಗ್ಸ್ ಸರ್ಕಲ್ಲಿನಲ್ಲಿ ಒಬ್ಬರೇ ನಿಮಗಾಗಿ ಕಾಯುತ್ತಿದ್ದರೆ ಕಾಲು ತಾನಾಗಿ ಇಳಿಯುತ್ತದೆ. ಓಟ 30 ನಿಮಿಷ, ಆಮೇಲೆ ಮಾಟುಂಗಾದಲ್ಲಿ ಇಡ್ಲಿ, ಕಾಫಿ. ವಾರಕ್ಕೆ ಇಂಥ ಒಂದು ದಿನ ಗಟ್ಟಿಯಾದರೆ ಉಳಿದ ಎರಡು ದಿನ ಅದರ ಹಿಂದೆ ಬರುತ್ತವೆ.

ಹೊಸಬರನ್ನು ಓಡಿಸುವುದು ಇನ್ನೂ ಒಳ್ಳೆಯದು. ಮನೆಯಲ್ಲೋ ಆಫೀಸಿನಲ್ಲೋ ನಿಮ್ಮ ಮೆಡಲ್ ನೋಡಿ ‘ನನಗೂ ಕಲಿಸು’ ಅಂದವರು ಒಬ್ಬರಾದರೂ ಇರುತ್ತಾರೆ. 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸಲ, ವಾರಕ್ಕೆ ಮೂರು ದಿನ. ಪ್ರತಿ ವಾರ ಓಟಕ್ಕೆ ಅರ್ಧ ನಿಮಿಷ ಸೇರಿಸುತ್ತ ಹೋದರೆ 8–10 ವಾರದಲ್ಲಿ ಅವರು 5 ಕಿ.ಮೀ. ಮುಗಿಸುತ್ತಾರೆ. ಅವರ ನಿಧಾನ ನಿಮ್ಮ ಸುಧಾರಣೆಯ ವೇಗಕ್ಕೆ ಸರಿಯಾಗಿ ಹೊಂದುತ್ತದೆ, ಅಷ್ಟು ನಿಧಾನವಾಗಿ ನೀವು ಒಬ್ಬರೇ ಓಡುತ್ತಿರಲಿಲ್ಲ.

ಮನೆಯ ಮಾತೂ ಇದೆ. ನಾಲ್ಕು ತಿಂಗಳ ಭಾನುವಾರಗಳನ್ನು ಮನೆಯವರು ಬಿಟ್ಟುಕೊಟ್ಟಿದ್ದಾರೆ. ‘ರೀ, ಮುಗೀತಲ್ಲ, ಇನ್ನಾದ್ರೂ ಭಾನುವಾರ ಮನೇಲಿರಿ’ ಎಂಬ ಮಾತಿಗೆ ಮುಖ ಗಂಟಿಕ್ಕುವುದು ಸರಿಯಲ್ಲ. ಭಾನುವಾರ ಬಿಟ್ಟುಬಿಡಿ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ 40 ನಿಮಿಷ ಕೇಳಿ, ಗಂಟೆ ಹೇಳಿ ಹೋಗಿ, ಹೇಳಿದ ಗಂಟೆಗೆ ಬನ್ನಿ. ಡೊಂಬಿವಲಿಯಿಂದ ಫೋರ್ಟ್‌ಗೆ ಲೋಕಲ್ ಹಿಡಿಯುವವರಿಗೆ 40 ನಿಮಿಷವೇ ದೊಡ್ಡದು. ಅದಕ್ಕಿಂತ ಹೆಚ್ಚಿನ ಯೋಜನೆ ಹಾಕಿದರೆ ಅದು ಎರಡನೇ ವಾರಕ್ಕೇ ಮುರಿಯುತ್ತದೆ.

ಬೂಟು ನೋಡಿಕೊಳ್ಳಿ. ವಾರಕ್ಕೆ 45 ಕಿ.ಮೀ.ನಂತೆ 16 ವಾರ ಅಂದರೆ 720 ಕಿ.ಮೀ., ಅದರ ಮೆತ್ತೆ ಸತ್ತಿರುತ್ತದೆ. ಪಕ್ಕದ ಫೋಮಿನಲ್ಲಿ ಅಡ್ಡ ಸುಕ್ಕು ಬಿದ್ದು ಒತ್ತಿದರೆ ಮರಳದಿದ್ದರೆ ಬದಲಿಸಿ.

ಐದನೇ ವಾರದಿಂದ ಮಳೆಗಾಲದವರೆಗೆ

ಐದನೇ ವಾರದಿಂದ ವಾರಕ್ಕೆ ಮೂರು ಓಟ, ತಲಾ 30–40 ನಿಮಿಷ. ಒಂದರ ಕೊನೆಯಲ್ಲಿ 20 ಸೆಕೆಂಡಿನ ಚುರುಕು ಓಟ 6 ಸಲ, ನಡುವೆ ಒಂದೊಂದು ನಿಮಿಷ ನಡಿಗೆ. ಪೂರ್ತಿ ಜೋರಲ್ಲ, ಲೋಕಲ್ ಹಿಡಿಯಲು ಓಡುವುದಕ್ಕಿಂತ ಸ್ವಲ್ಪ ಕಡಿಮೆ. ಮ್ಯಾರಥಾನ್ ತರಬೇತಿಯಲ್ಲಿ ತಿಂಗಳುಗಟ್ಟಲೆ ಒಂದೇ ಹದದಲ್ಲಿ ಎಳೆದ ಕಾಲಿಗೆ ಈ 20 ಸೆಕೆಂಡು ಬೇರೆಯೇ ರುಚಿ. ಹಲವರಿಗೆ ಓಟದ ಖುಷಿ ಮರಳುವುದು ಇಲ್ಲೇ.

ಗುರಿ ಬೇಕೆನಿಸಿದಾಗ ಅದರ ಬಗೆ ಬದಲಿಸಿ. ಮತ್ತೆ 42 ಬೇಡ. 5 ಕಿ.ಮೀ. ಸಮಯ ಇಳಿಸುವುದು ಒಂದು ಗುರಿ: 400 ಮೀಟರ್ ಟ್ರ್ಯಾಕಿನಲ್ಲಿ ಹನ್ನೆರಡೂವರೆ ಸುತ್ತು, ಆರು ವಾರಕ್ಕೊಮ್ಮೆ ಅಳೆಯಿರಿ, ತಂಪು ಹೊತ್ತಿನಲ್ಲಿ ಮಾತ್ರ. ಏರು ಇನ್ನೊಂದು ಗುರಿ. ಸೆಪ್ಟೆಂಬರ್‌ನ ಸಾತಾರಾ ಹಾಫ್ ಮ್ಯಾರಥಾನ್ ಯವತೇಶ್ವರ ಘಾಟ್ ಹತ್ತಿ ಇಳಿಯುವ ಓಟ, ಅಲ್ಲಿ ಮುಂಬಯಿಯ ನಿಮ್ಮ ಸಮಯದ ಜೊತೆ ಹೋಲಿಕೆಯೇ ಸಾಧ್ಯವಿಲ್ಲ. ಹೋಲಿಕೆ ಇಲ್ಲದ ಗುರಿಯೇ ಈ ಹೊತ್ತಿಗೆ ಬೇಕಾದದ್ದು. ಅದಕ್ಕೆ ವಾರಕ್ಕೆರಡು ಬಾರಿ 20 ನಿಮಿಷ: ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಎತ್ತಿಳಿಸುವುದು 15ರಂತೆ 3 ಸಲ, ಬೈಠಕ್ 15ರಂತೆ 3 ಸಲ, ಕಟ್ಟಡದ ಮೆಟ್ಟಿಲು 10 ಮಹಡಿ. ಲಿಫ್ಟ್‌ನಲ್ಲಿ ಇಳಿಯಿರಿ ಮೊದಲ ಮೂರು ವಾರ, ಆಮೇಲೆ ಕಾಲಿನಲ್ಲೇ ಇಳಿಯಿರಿ.

ಮಳೆಗಾಲದಲ್ಲಿ ಎರಡು ಜೊತೆ ಬೂಟು ಬೇಕು. ನೆನೆದದ್ದರ ಒಳಪದರ ತೆಗೆದು ಒಳಗೆ ಸುದ್ದಿಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಕೆಳಗಿಡಿ. ಹೀಟರಿನ ಮುಂದಿಟ್ಟರೆ ಅಂಟು ಬಿಡುತ್ತದೆ. ಉಗುರು ಕಿತ್ತ, ಹಿಮ್ಮಡಿ ಉಜ್ಜಿದ ಕಾಲಿನಲ್ಲಿ ರಸ್ತೆಯಲ್ಲಿ ನಿಂತ ನೀರಿಗೆ ಇಳಿಯಬೇಡಿ. ಇಲಿಜ್ವರ ಎಂದು ನಾವೆನ್ನುವ ಲೆಪ್ಟೋಸ್ಪೈರೋಸಿಸ್ ಹೆಚ್ಚಾಗಿ ಗಾಯದಿಂದ ಒಳಹೋಗುತ್ತದೆ. ಇಳಿಯಬೇಕಾಗಿ ಬಂದಿದ್ದರೆ ಜ್ವರಕ್ಕೆ ಕಾಯದೆ, ಒಂದೆರಡು ದಿನದಲ್ಲೇ ವೈದ್ಯರನ್ನು ಕೇಳಿ.

ಇಷ್ಟೆಲ್ಲ ಮಾಡಿಯೂ ಜೂನ್‌ನಲ್ಲಿ ಓಟ ಬೇಡವೆನಿಸಿದರೆ ಸೈಕಲ್ಲೋ, ಈಜೋ, ಸಹ್ಯಾದ್ರಿಯ ಚಾರಣವೋ ಹಿಡಿಯಿರಿ. ಹೃದಯಕ್ಕೆ ಬೂಟಿನ ಗುರುತು ಗೊತ್ತಿಲ್ಲ. ಮತ್ತೆ ಮುಂಬಯಿ ಮ್ಯಾರಥಾನ್ ಓಡುವ ಆಸೆ ಇದ್ದವರೂ ಕ್ಯಾಲೆಂಡರ್ ತೆಗೆದು ಹಿಂದಕ್ಕೆ ಎಣಿಸಿ ನೋಡಿ: ಜನವರಿಯ ಮೂರನೇ ಭಾನುವಾರದಿಂದ 18 ವಾರ ಹಿಂದೆ ಬಂದರೆ ಸೆಪ್ಟೆಂಬರ್ ಮಧ್ಯ, ಗಣಪತಿ ಹಬ್ಬದ ಆಸುಪಾಸು. ಆ ಹೊತ್ತಿಗೆ ವಾರಕ್ಕೆ 25–30 ಕಿ.ಮೀ. ಆರಾಮಾಗಿ ಓಡುವ ಕಾಲಿದ್ದರೆ ಸಾಕು. ಇವತ್ತಿನಿಂದ ಅಲ್ಲಿಯವರೆಗೆ ಕ್ಯಾಲೆಂಡರಿನಲ್ಲಿ ವಾರಕ್ಕೆ ಮೂರೇ ಚೌಕ ತುಂಬಬೇಕು, ‘ಹ’ ಅಥವಾ ‘ಭ’.